ಮಾವನಿಗೆ ಸಕ್ಕರೆ ಕಾಯಿಲೆ, ಮನೆ ತುಂಬ ರಾಗಿ: ವರ್ಷದ ದವಸ ಏನೇನು, ಹೇಗೆ ಕಟ್ಟಿಡಬೇಕು?

ಹಿತ್ತಲಬೇಲಿ, ಮದ್ದೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ಕಡೆ ಹಳ್ಳಿ. ನಾಲೆ ನೀರಿನ ಗದ್ದೆ ಸ್ವಲ್ಪ ಇದೆ, ಉಳಿದದ್ದು ಮಳೆ ಹೊಲ. ಗದ್ದೆಯಲ್ಲಿ ಭತ್ತ, ಕಬ್ಬು. ಹೊಲದಲ್ಲಿ ರಾಗಿ, ಅದರ ನಡುವೆ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು. ಹಿತ್ತಲಲ್ಲಿ ನಾಟಿ ಕೋಳಿ, ನುಗ್ಗೆ ಮರ, ಒಂದಿಷ್ಟು ಸೊಪ್ಪಿನ ಪಾತಿ. ಅಂಗಡಿಯಿಂದ ತರೋದು ಉಪ್ಪು, ಎಣ್ಣೆ, ಕಾಫಿ ಪುಡಿ ಅಷ್ಟೇ ಅಂದರೂ ಆಯಿತು.

ಈಗ ಮಾವನಿಗೆ ಸಕ್ಕರೆ ಕಾಯಿಲೆ. ಮೊನ್ನೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋದು) 8.4 ಬಂತು. ಮಾತ್ರೆ ತಗೊಳ್ತಾರೆ. "ಮುದ್ದೆ ತಿನ್ನೋರಿಗೆ ಸಕ್ಕರೆ ಏನೂ ಮಾಡಲ್ಲ" ಅಂತ ಹೊತ್ತಿಗೆ ಎರಡು ದೊಡ್ಡ ಮುದ್ದೆ ಉಣ್ಣುತ್ತಾರೆ, ಕೊನೆಗೆ ಒಂದು ಚೂರು ಬೆಲ್ಲ ಬೇಕೇ ಬೇಕು. ಅತ್ತೆಗೆ ಬಿಪಿ.

ನನ್ನ ಪ್ರಶ್ನೆ ಎರಡು. ಮನೆಯಲ್ಲಿ ಬೆಳೆದದ್ದನ್ನೇ ಇಟ್ಟುಕೊಂಡು ಇವರಿಬ್ಬರಿಗೂ ಸರಿಯಾದ ಊಟ ಕೊಡೋದು ಹೇಗೆ? ಮತ್ತೆ ಕಾಳನ್ನು ಔಷಧಿ ಹಾಕದೆ ಕಾಪಾಡೋದು ಹೇಗೆ? ಕಳೆದ ವರ್ಷ ಸಂಕ್ರಾಂತಿಗೆ ಚೀಲ ಕಟ್ಟಿಟ್ಟ ಅವರೆಕಾಳು ಯುಗಾದಿ ಕಳೆಯುವಷ್ಟರಲ್ಲಿ ತೂತು ತೂತು. ರಾಗಿಗೆ ಮಾತ್ರ ಏನೂ ಆಗಿಲ್ಲ. ಯಾಕೆ ಹೀಗೆ?

ಅಕ್ಕಡಿಸಾಲು, ನಾಗಮಂಗಲ

ತಂಗಿ, ರಾಗಿಗೆ ಹುಳ ಹತ್ತಲ್ಲ ಅನ್ನೋದು ಹೆಚ್ಚೂ ಕಡಿಮೆ ನಿಜ. ಕಾಳು ಸಣ್ಣದು, ಸಿಪ್ಪೆ ಗಟ್ಟಿ. ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಇರುತ್ತದೆ. ಬರಗಾಲಕ್ಕೆ ಅಂತ ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿಯಲ್ಲಿ, ರಾಗಿ ತುಂಬಿಡುತ್ತಿದ್ದದ್ದು ಅದಕ್ಕೇ. ಹಿಟ್ಟು ಮಾಡಿಸಿದ ಮೇಲೆ ಕಥೆ ಬೇರೆ. ಹಿಟ್ಟು ಬೇಗ ಮುಗ್ಗುತ್ತದೆ, ಕಹಿ ಬರುತ್ತದೆ. ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ ಮಿಲ್ಲಿಗೆ ಕೊಡಿ.

ಅವರೆ, ತೊಗರಿ, ಹುರುಳಿ, ಅಲಸಂದೆ ಇವುಗಳ ಶತ್ರು ಚೀಲದಲ್ಲಿ ಹುಟ್ಟೋದಲ್ಲ. ಅದು ಹೊಲದಿಂದಲೇ ಬರುತ್ತದೆ. ಕಾಳಿನ ದುಂಬಿ ಗಿಡದಲ್ಲಿ ಒಣಗುತ್ತಿರುವ ಕಾಯಿಯ ಮೇಲೇ ಮೊಟ್ಟೆ ಇಡುತ್ತದೆ. ಮರಿ ಕಾಳಿನೊಳಗೆ ಹೊಕ್ಕು ತಿಂದುಕೊಂಡು ಬೆಳೆಯುತ್ತದೆ. ಹೊರಗಿಂದ ನೋಡಿದರೆ ಕಾಳು ನೆಟ್ಟಗೇ ಇರುತ್ತದೆ. ನಿಮ್ಮ ಕಣ್ಣಿಗೆ ತೂತು ಕಾಣೋದು ದುಂಬಿ ಆಚೆ ಬಂದ ಮೇಲೆ. ಬಂದದ್ದು ಪಕ್ಕದ ಕಾಳಿನ ಮೇಲೆ ಮತ್ತೆ ಮೊಟ್ಟೆ ಇಡುತ್ತದೆ. ಹೀಗೆ ಎರಡು ಮೂರು ಸುತ್ತಿಗೆ ಚೀಲವೇ ಹೋಯಿತು.

ಅದಕ್ಕೆ ಮೊದಲ ಕೆಲಸ ಒಣಗಿಸುವುದು. ಒಕ್ಕಣೆ ಆದ ಮೇಲೆ ಬಿಸಿಲಲ್ಲಿ ತೆಳ್ಳಗೆ ಹರಡಿ, ದಿನಕ್ಕೆ ಎರಡು ಮೂರು ಸಲ ಕೈಯಾಡಿಸಿ. ಒಂದು ಕಾಳು ಹಲ್ಲಲ್ಲಿ ಕಚ್ಚಿ ನೋಡಿ. ಟಕ್ ಅಂತ ಎರಡು ಹೋಳಾಗಬೇಕು. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ ಇದೆ ಅಂತ ಅರ್ಥ. ಬಿಸಿಲಿಂದ ಎತ್ತಿದ ಕೂಡಲೇ ತುಂಬಬೇಡಿ. ರಾತ್ರಿ ಆರಲಿ. ಬಿಸಿ ಕಾಳು ಡ್ರಮ್ಮಿಗೆ ಹಾಕಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ.

ಇನ್ನು ಕೆಮ್ಮಣ್ಣು ಕಟ್ಟುವುದು. ನಮ್ಮವ್ವ ತೊಗರಿಗೂ ಅವರೆಗೂ ಮಾಡೋರು. ಹುತ್ತದ ಮಣ್ಣೋ, ಹೊಲದ ಕೆಮ್ಮಣ್ಣೋ ತಂದು ಜರಡಿ ಹಿಡಿದು, ನೀರಲ್ಲಿ ಮಜ್ಜಿಗೆ ಹದಕ್ಕೆ ಕಲಸಬೇಕು. ಕಾಳಿನ ಮೇಲೆ ಚಿಮುಕಿಸಿ ಎರಡೂ ಕೈಯಲ್ಲಿ ತಿಕ್ಕಿ ತಿಕ್ಕಿ ಪ್ರತಿ ಕಾಳಿಗೂ ಮಣ್ಣು ಹಿಡಿಸಬೇಕು. ಒಂದು ರಾತ್ರಿ ಗುಡ್ಡೆ ಹಾಕಿ, ಮಾರನೇ ದಿನದಿಂದ ಚೆನ್ನಾಗಿ ಒಣಗಿಸಬೇಕು. ಮಣ್ಣು ಮೆತ್ತಿದ ಕಾಳಿನ ಮೇಲೆ ದುಂಬಿಗೆ ಮೊಟ್ಟೆ ಅಂಟಿಸೋದು ಕಷ್ಟ. ಅಡುಗೆಗೆ ಬೇಕಾದಾಗ ತೊಳೆದರೆ ಆಯಿತು.

ಇಷ್ಟು ಮಾಡೋಕೆ ಆಗದಿದ್ದರೆ ಕೆಜಿ ಕಾಳಿಗೆ ಒಂದು ಚಮಚ ಹರಳೆಣ್ಣೆ ಸವರಿ. ಬಿತ್ತನೆಗೆ ಇಡುವ ಕಾಳಿಗೆ ಜರಡಿ ಹಿಡಿದ ಸೌದೆ ಬೂದಿ ಬೆರೆಸಿ ಮಡಕೆಯಲ್ಲಿಡಿ. ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಪೂರಾ ಒಣಗಿಸಿ ಹಾಕಬೇಕು. ಹಸಿ ಸೊಪ್ಪು ಹಾಕಿದರೆ ತೇವ ತಂದು ಕೊಟ್ಟ ಹಾಗೆ.

ಕುವೆಂಪುನಗರ ಬಾಡಿಗೆ ಮನೆ, ಮೈಸೂರು

ನಾವು ಊರಿಂದ ಕಾಳು ತಂದು ಪೇಟೆಯಲ್ಲಿ ಇಟ್ಟುಕೊಳ್ಳೋರು. ಬಿಸಿಲಿಗೆ ಜಾಗ ಇಲ್ಲ, ಕೆಮ್ಮಣ್ಣಂತೂ ಆಗದ ಮಾತು. ಗಾಳಿಯಾಡದ ಮೂರು ಪದರದ ಚೀಲ ಸಿಗುತ್ತದೆ, ಪಿಕ್ಸ್ ಚೀಲ ಅಂತಾರೆ. ಒಳಗೆ ಹುಳ ಇದ್ದರೂ ಇರುವ ಗಾಳಿ ಉಸಿರಾಡಿ ಮುಗಿಸಿ ತಾವೇ ಸಾಯುತ್ತವೆ. ಸ್ವಲ್ಪ ಕಾಳು ಆದರೆ ಒಣಗಿದ ನೀರಿನ ಬಾಟಲಿಗೆ ಕತ್ತಿನವರೆಗೂ ಒತ್ತಿ ತುಂಬಿ ಮುಚ್ಚಳ ಬಿಗಿ ಮಾಡಿದರೂ ಸಾಕು. ಪದೇ ಪದೇ ತೆಗೆಯಬಾರದು ಅಷ್ಟೇ. ಒಂದೊಂದೇ ಬಾಟಲಿ ಒಡೆದು ಬಳಸಿ.

ನಿವೃತ್ತ ಕೃಷಿ ಸಹಾಯಕ, ಮಂಡ್ಯ

ಎಲ್ಲರೂ ಒಳ್ಳೆಯ ಮಾತೇ ಹೇಳಿದ್ದೀರಿ. ನಾನು ಒಂದು ಎಚ್ಚರಿಕೆ ಹೇಳಲೇಬೇಕು. ಹುಳ ಬಿತ್ತು ಅಂತ ಯಾರೋ ಅಂಗಡಿಯಿಂದ ಗುಳಿಗೆ ತಂದು ಕೊಡುತ್ತಾರೆ, ಚೀಲದೊಳಗೆ ಹಾಕಿ ಮನೆಯಲ್ಲೇ ಇಡುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನೋ ವಿಷದ ಗಾಳಿ ಬಿಡುತ್ತದೆ. ಅದಕ್ಕೆ ಮದ್ದೇ ಇಲ್ಲ. ಮಲಗುವ ಕೋಣೆಯಲ್ಲಿ, ಮಂಚದ ಕೆಳಗೆ ಇಂಥ ಚೀಲ ಇಟ್ಟು ಮನೆಯವರ ಪ್ರಾಣ ಹೋದದ್ದುಂಟು. ಅದು ಉಗ್ರಾಣದಲ್ಲಿ ತರಬೇತಿ ಆದವರು ಬಳಸುವ ವಸ್ತು. ಮನೆಗೆ ಬೇಡವೇ ಬೇಡ. ನಾಲ್ಕು ಸೇರು ಕಾಳು ಹುಳ ತಿಂದರೆ ತಿನ್ನಲಿ, ಕೋಳಿಗೆ ಹಾಕಿ.

ಬೂಸ್ಟು ಬಂದ ಕಡಲೆಕಾಯಿ, ಕೊಬ್ಬರಿ, ಜೋಳ ಇವನ್ನೂ ಒರೆಸಿ ತೊಳೆದು ತಿನ್ನಬೇಡಿ. ಆ ಬೂಸ್ಟಿನ ವಿಷ ಲಿವರ್‌ಗೆ ಬಡಿಯುತ್ತದೆ. ಬೇಯಿಸಿದರೂ ಹೋಗಲ್ಲ. ಕೋಳಿಗೂ ಹಾಕಬೇಡಿ, ಹಸುವಿಗೂ ಹಾಕಬೇಡಿ.

ಪಥ್ಯದೂಟ, ಮೈಸೂರು

ನಾನು ಆಸ್ಪತ್ರೆಯೊಂದರಲ್ಲಿ ಪಥ್ಯಾಹಾರದ ಕೆಲಸ ಮಾಡುವವಳು. ಹಿತ್ತಲಬೇಲಿ ಅಕ್ಕನ ಮನೆಯಂಥ ಮನೆಗಳವರು ವಾರವೆಲ್ಲ ನಮ್ಮ ಹತ್ತಿರ ಬರುತ್ತಾರೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ರಾಗಿ ಒಳ್ಳೆಯ ಧಾನ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಾರು ಸುಮಾರು 11 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ಅದೇ 100 ಗ್ರಾಂ ರಾಗಿಯಲ್ಲಿ ಪಿಷ್ಟ ಮತ್ತು ಸಕ್ಕರೆ ಅಂಶ ಸುಮಾರು 67 ಗ್ರಾಂ. ಅಕ್ಕಿಯಲ್ಲಿ 78. ಅಂದರೆ ವ್ಯತ್ಯಾಸ ಇದೆ, ಆದರೆ ಎರಡು ದೊಡ್ಡ ಮುದ್ದೆ ಮಾಫಿ ಆಗುವಷ್ಟು ಇಲ್ಲ. ಹಿಟ್ಟು ನುಣ್ಣಗೆ ಬೀಸಿದಷ್ಟೂ, ಮುದ್ದೆ ಹೆಚ್ಚು ಬೆಂದಷ್ಟೂ ಬೇಗ ಅರಗಿ ಸಕ್ಕರೆ ಬೇಗ ಏರುತ್ತದೆ. ಮಿಲ್ಲಿನಲ್ಲಿ ಸ್ವಲ್ಪ ತರಿ ಇರಲಿ ಅಂತ ಹೇಳಿ, ಹಿಟ್ಟನ್ನು ಜರಡಿ ಹಿಡಿದು ತೌಡು ಎಸೆಯಬೇಡಿ.

ಹಾಗಾದರೆ ಮುದ್ದೆ ಬಿಡಬೇಕಾ? ಬೇಡ. ಸಣ್ಣದು ಮಾಡಿ, ತಟ್ಟೆ ತುಂಬಿಸುವ ಕೆಲಸವನ್ನು ಬೇರೆಯವಕ್ಕೆ ಕೊಡಿ. ಹೊತ್ತಿಗೆ 50 ರಿಂದ 60 ಗ್ರಾಂ ಹಿಟ್ಟಿನ ಒಂದು ಮುದ್ದೆ. ಅದರ ಪಕ್ಕ ತಟ್ಟೆಯ ಅರ್ಧ ಸೊಪ್ಪು, ತರಕಾರಿ. ಇನ್ನೊಂದು ಕಾಲು ಭಾಗ ಕಾಳು, ಮೊಟ್ಟೆ, ಕೋಳಿ ಅಥವಾ ಮೀನು. ಮೊದಲು ಪಲ್ಯ, ಕಾಳು ತಿಂದು ಆಮೇಲೆ ಮುದ್ದೆಗೆ ಬಂದರೆ ಊಟದ ನಂತರದ ಸಕ್ಕರೆ ಅಷ್ಟು ಜಿಗಿಯಲ್ಲ. ಉಂಡು ಹತ್ತು ಹದಿನೈದು ನಿಮಿಷ ಕೊಟ್ಟಿಗೆ, ಹಿತ್ತಲು ಅಂತ ಓಡಾಡಲಿ.

ಬೆಲ್ಲದ ಬಗ್ಗೆ ಕಡಕ್ಕಾಗಿ ಹೇಳುತ್ತೇನೆ. ಆಲೆಮನೆಯಿಂದ ಬಂದದ್ದಾದರೂ, ಕಪ್ಪಗಿದ್ದರೂ, ಬೆಲ್ಲ ಸಕ್ಕರೆಯೇ. ರಕ್ತಕ್ಕೆ ಎರಡೂ ಒಂದೇ ಥರ ಹೋಗುತ್ತವೆ. ಮಾವ ಅದನ್ನು ನಿಲ್ಲಿಸಲೇಬೇಕು.

ಬಹಳ ಮುಖ್ಯವಾದದ್ದು ಇದು. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಏಕಾಏಕಿ ಊಟ ಅರ್ಧ ಮಾಡಿದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ. ಬೆವರು, ಕೈ ನಡುಕ, ಎದೆ ಡವಡವ, ಮಾತು ತಡವರಿಸುವುದು, ಇದರಲ್ಲಿ ಏನು ಕಂಡರೂ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೊರಡಿ. ಊಟ ಬದಲಿಸುವ ಮೊದಲು ಮಾತ್ರೆಯ ಚೀಟಿ ಹಿಡಿದುಕೊಂಡು ವೈದ್ಯರನ್ನು ಕಾಣಿ. ಮಾತ್ರೆ ಕಡಿಮೆ ಮಾಡುವುದು ಅವರ ಕೆಲಸ, ನಾವಾಗಿ ಬಿಡುವುದಲ್ಲ.

ಹಳೇಮನೆ, ಪಾಂಡವಪುರ

ಅಮ್ಮಾ, ನಿಮ್ಮ ಓದಿಗೆ ನನ್ನ ಗೌರವ ಇದೆ. ಆದರೆ ನಮ್ಮ ತಾತ ಮೂರು ಮುದ್ದೆ ಉಂಡು ಎಂಬತ್ತು ದಾಟಿದರು. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅಂತ ಸುಮ್ನೆ ಹೇಳಿದರಾ? ನಮ್ಮ ಮುದ್ದೆಗೇ ಈಗ ದೋಷ ಹಾಕಿದರೆ ಮನಸ್ಸಿಗೆ ಒಪ್ಪಲ್ಲ.

ಅಕ್ಕಡಿಸಾಲು, ನಾಗಮಂಗಲ

ಯಜಮಾನರೇ, ತಾತ ಬೆಳಗಾದರೆ ನೇಗಿಲು ಹಿಡಿದೋರು. ನಾವು ಬೈಕು ಹತ್ತುತ್ತೇವೆ, ಟ್ರ್ಯಾಕ್ಟರು ಉಳುತ್ತದೆ. ಮೈ ಬಗ್ಗಿಸೋದು ಕಡಿಮೆಯಾಯಿತು, ಮುದ್ದೆಯ ಗಾತ್ರ ಕಡಿಮೆಯಾಗಲಿಲ್ಲ.

ಇನ್ನೊಂದು ಮಾತೂ ಇದೆ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. ಆಮೇಲೆ ನಾಲೆ ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಅದಕ್ಕೆ ಮುಂಚೆ ಇದೆಲ್ಲ ಬಹುಪಾಲು ರಾಗಿ, ಹುರುಳಿ ಬೆಳೆಯುವ ಒಣ ಸೀಮೆ. ಅನ್ನ ಅಂದರೆ ಹಬ್ಬಕ್ಕೆ, ನೆಂಟರು ಬಂದರೆ. ನಾಲೆ ನಮಗೆ ಅನ್ನ ಕೊಟ್ಟಿತು, ಅದಕ್ಕೆ ಕೈ ಮುಗಿಯೋಣ. ಆದರೆ ಈಗ ಮುದ್ದೆಯ ಹಿಂದೆ ಒಂದು ರಾಶಿ ಅನ್ನ, ಅನ್ನದ ಹಿಂದೆ ಸಕ್ಕರೆ ಕಾಫಿ. ತಾತನ ತಟ್ಟೆಯಲ್ಲಿ ಇವೆಲ್ಲ ಇರಲಿಲ್ಲ. ಅವರಿಗಿದ್ದದ್ದು ಹುರುಳಿಕಟ್ಟಿನ ಸಾರು, ಬೆರಕೆ ಸೊಪ್ಪಿನ ಮಸ್ಸೊಪ್ಪು, ಅವರೆಕಾಳು. ನಾವು ಅವರ ಮುದ್ದೆ ಉಳಿಸಿಕೊಂಡು ಅವರ ಸಾರು ಬಿಟ್ಟೆವು.

ಹೊಲದಲ್ಲೂ ಅದೇ ಆಯಿತು. ಇಲ್ಲೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ, ನಮ್ಮ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಕೆ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿ ಇಳುವರಿ ಏರಿತು, ಹಸಿವು ನೀಗಿತು. ದೊಡ್ಡ ಪುಣ್ಯದ ಕೆಲಸ ಅದು. ಆದರೆ ನಮ್ಮೂರಲ್ಲಿ ಈಗ ಕೊಯ್ಲಿಗೆ ಯಂತ್ರ ಇಳಿಸಲು ಅಡ್ಡ ಅಂತ ಅಕ್ಕಡಿ ಸಾಲು ಬಿಡುತ್ತಿದ್ದಾರೆ. ಸಾಲು ಹೋದ ಮೇಲೆ ಮನೆಗೆ ಕಾಳು ಎಲ್ಲಿಂದ ಬರಬೇಕು? ಈ ತಂಗಿ ಇನ್ನೂ ಸಾಲು ಬಿಟ್ಟಿಲ್ಲ. ಅದೇ ಅವರ ಮನೆಯ ದೊಡ್ಡ ಆಸ್ತಿ ಅಂತ ನನ್ನ ಅಭಿಪ್ರಾಯ.

ಹಳೇಮನೆ, ಪಾಂಡವಪುರ

ಸಾರಿನ ಮಾತು ನಿಜ. ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿ ಬಹಳ ದಿನ ಆಯಿತು. ಎತ್ತಿಲ್ಲ, ಅದಕ್ಕೆ ಹುರುಳಿಯೂ ಬೆಳೆದಿಲ್ಲ.

ಹಿತ್ತಲಬೇಲಿ, ಮದ್ದೂರು ತಾಲ್ಲೂಕು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವನಿಗೆ ಎಲ್ಲಾ ಓದಿ ಹೇಳಿದೆ. "ತಟ್ಟೆ ತುಂಬ ಸೊಪ್ಪು ಕೊಟ್ಟರೆ ನಾನೇನು ಮೇಕೆಯಾ" ಅಂದರು. ಆದರೆ ಮಸ್ಸೊಪ್ಪು ಮಾಡಿದ ದಿನ ಎರಡನೇ ಮುದ್ದೆ ಕೇಳಲಿಲ್ಲ.

ಒಂದು ಲೆಕ್ಕ ಬೇಕಿತ್ತು. ಮನೆಯಲ್ಲಿ ಐದು ಜನ ದೊಡ್ಡವರು. ವರ್ಷಕ್ಕೆ ಎಷ್ಟು ಉಳಿಸಿಕೊಂಡು ಎಷ್ಟು ಮಾರಬೇಕು? ಈಗ ನಾವು ಆರು ಕ್ವಿಂಟಲ್ ರಾಗಿ ಇಟ್ಟುಕೊಂಡು ಕಾಳೆಲ್ಲ ಸೊಗಡಿನ ಕಾಲದಲ್ಲೇ ಹಸಿಯಾಗಿ ಮಾರಿಬಿಡುತ್ತೇವೆ. ಹಸಿ ಅವರೆಗೆ ಆಗ ಒಳ್ಳೆ ರೇಟು, ಅದಕ್ಕೆ.

ಪಥ್ಯದೂಟ, ಮೈಸೂರು

ಅಕ್ಕ, ಒಬ್ಬರಿಗೆ ದಿನಕ್ಕೆ ಒಂದು ಹಿಡಿ ಒಣಕಾಳು ಅಥವಾ ಬೇಳೆ ಅಂತ ಇಟ್ಟುಕೊಳ್ಳಿ, 60 ಗ್ರಾಂ. ವರ್ಷಕ್ಕೆ 22 ಕೆಜಿ. ಐದು ಜನಕ್ಕೆ 110 ಕೆಜಿ. ರಾಗಿ ದಿನಕ್ಕೆ ಸರಾಸರಿ 150 ಗ್ರಾಂ ಅಂದರೆ ಐವರಿಗೆ ವರ್ಷಕ್ಕೆ ಎರಡೂ ಮುಕ್ಕಾಲು ಕ್ವಿಂಟಲ್ ಸಾಕು. ಹೊಲದಲ್ಲಿ ದುಡಿಯುವವರಿಗೆ ಜಾಸ್ತಿ ಬೇಕು, ಮಾವನಿಗೆ ಕಡಿಮೆ. ನೆಂಟರಿಷ್ಟರು, ಹಬ್ಬ ಸೇರಿಸಿ ನಾಲ್ಕು ಇಟ್ಟುಕೊಳ್ಳಿ. ಉಳಿದ ರಾಗಿ ಮಾರಿ, ಕಾಳು ಉಳಿಸಿ.

ಕಾಳು ಒಂದೇ ಥರ ಬೇಡ. ಹುರುಳಿಯಲ್ಲಿ 100 ಗ್ರಾಂಗೆ 22 ಗ್ರಾಂ ಹತ್ತಿರ ಪ್ರೋಟೀನ್ ಇದೆ. ರಾಗಿಯಲ್ಲಿ 7 ಮಾತ್ರ. ಸಾರಿಗೆ ಕಟ್ಟು ಬಸಿದ ಮೇಲೆ ಆ ಕಾಳನ್ನು ಹಸುವಿಗೆ ಹಾಕದೆ ಒಗ್ಗರಣೆ ಹಾಕಿ ಪಲ್ಯ ಮಾಡಿ. ಮೂತ್ರಪಿಂಡದ ತೊಂದರೆ ಇರುವವರು ಮನೆಯಲ್ಲಿದ್ದರೆ ಮಾತ್ರ ಈ ಲೆಕ್ಕ ಅವರಿಗೆ ಅಲ್ಲ, ವೈದ್ಯರು ಹೇಳಿದಷ್ಟೇ.

ಕೋಳಿಗೂಡು, ಕೆ.ಆರ್. ಪೇಟೆ

ಮೊಟ್ಟೆ ಮರೆತುಬಿಟ್ಟಿರಲ್ಲ! ಒಂದು ಮೊಟ್ಟೆಗೆ 6 ಗ್ರಾಂ ಪ್ರೋಟೀನ್, ಸಕ್ಕರೆ ಅಂಶ ಇಲ್ಲ ಅನ್ನುವಷ್ಟು ಕಡಿಮೆ. ನಾಟಿ ಕೋಳಿ ವರ್ಷವೆಲ್ಲ ಇಡಲ್ಲ, ಕಾವಿಗೆ ಕೂತರೆ 21 ದಿನ, ಆಮೇಲೆ ಮರಿ ಹಿಂದೆ ಸುತ್ತುತ್ತದೆ. ಎರಡು ಹೇಂಟೆ ಒಟ್ಟಿಗೆ ಕಾವಿಗೆ ಕೂರದ ಹಾಗೆ ನೋಡಿಕೊಂಡರೆ ಮನೆಗೆ ಮೊಟ್ಟೆ ತಪ್ಪಲ್ಲ. ಮೊಟ್ಟೆಯನ್ನು ತೊಳೆದು ಇಡಬೇಡಿ. ಮೇಲಿನ ಪೊರೆ ಹೋದರೆ ಬೇಗ ಕೆಡುತ್ತದೆ. ಚೂಪು ತುದಿ ಕೆಳಗೆ ಮಾಡಿ ತಂಪಾದ ಮೂಲೆಯಲ್ಲಿಡಿ. ನಮ್ಮ ಮನೆಯಲ್ಲಿ ರಾಗಿ ಮಡಕೆಯೊಳಗೆ ಹೂತಿಡುತ್ತೇವೆ. ಹಳೆಯದಾ ಅಂತ ಅನುಮಾನ ಬಂದರೆ ನೀರಿಗೆ ಹಾಕಿ, ತೇಲಿದರೆ ಬಿಸಾಡಿ.

ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದರೆ ಗೂಡೇ ಖಾಲಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಬಿಡುವ ಲಸಿಕೆ, ಎರಡು ತಿಂಗಳ ಹೊತ್ತಿಗೆ ಚುಚ್ಚುವ ಲಸಿಕೆ. ಪಶು ಆಸ್ಪತ್ರೆಯಲ್ಲಿ ಕೇಳಿ. ಒಂದು ಸೀಸೆಯಲ್ಲಿ ಬಹಳ ಕೋಳಿಗೆ ಆಗುವಷ್ಟು ಇರುತ್ತದೆ, ಒಡೆದ ಮೇಲೆ ಇಡೋಕೆ ಬರಲ್ಲ. ಅದಕ್ಕೆ ಬೀದಿಯವರೆಲ್ಲ ಒಂದೇ ದಿನ ಸೇರಿಕೊಳ್ಳಿ.

ಹಿತ್ತಲಬೇಲಿ, ಮದ್ದೂರು ತಾಲ್ಲೂಕು

ಅತ್ತೆಯ ಬಿಪಿ ವಿಷಯ ಉಳೀತು. ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ, ಸಂಡಿಗೆ, ಉಪ್ಸಾರಿನ ಖಾರ. ನಾವು ಬೇಸಿಗೆಯಲ್ಲಿ ಮಾಡಿಡೋದೆಲ್ಲ ಉಪ್ಪಿನ ಮೇಲೇ ನಿಂತಿರೋದು. ಬೇರೆ ದಾರಿ ಇದೆಯಾ? ಹಾಗೇ ಮೊಳಕೆ ರಾಗಿ ಹುರಿದು ಮಾಲ್ಟ್ ಮಾಡಿ ಮಾವನಿಗೆ ಕೊಡಬಹುದಾ?

ಪಥ್ಯದೂಟ, ಮೈಸೂರು

ಮಾಲ್ಟ್ ಮಕ್ಕಳಿಗೆ, ಸೊರಗಿದವರಿಗೆ ಒಳ್ಳೆಯದು. ಮೊಳಕೆ ಬಂದಾಗ ಪಿಷ್ಟ ಒಡೆದು ಸಕ್ಕರೆ ಆಗುತ್ತದೆ, ಕುಡಿದರೆ ಬೇಗ ಏರುತ್ತದೆ. ಮಾವನಿಗೆ ಬೇಡ. ನೀರು ಮಜ್ಜಿಗೆ ಕೊಡಿ.

ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚದಷ್ಟು. ಎಲ್ಲಾ ಅಡುಗೆಯದೂ ಸೇರಿ! ಉಪ್ಪಿಲ್ಲದೆ ಇಡಬಹುದಾದವು ಬೇಕಾದಷ್ಟಿವೆ. ನುಗ್ಗೆ ಸೊಪ್ಪು ನೆರಳಲ್ಲಿ ಒಣಗಿಸಿ ಪುಡಿ ಮಾಡಿ. ಗೋರಿಕಾಯಿ, ಬದನೆ ಹೆಚ್ಚಿ ಕುದಿ ನೀರಲ್ಲಿ ಒಂದು ಸಲ ಅದ್ದಿ ತೆಗೆದು ಒಣಗಿಸಿ, ಮಳೆಗಾಲದ ಸಾರಿಗೆ ಆಗುತ್ತದೆ. ಹುಚ್ಚೆಳ್ಳು ಹುರಿದು ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆ ಹಾಕಿ ಪುಡಿ ಮಾಡುವಾಗ ಉಪ್ಪು ಹಾಕಲೇಬೇಡಿ. ಊಟಕ್ಕೆ ಕೂತಾಗ ಯಾರಿಗೆ ಎಷ್ಟು ಬೇಕೋ ಅವರು ಚಿಟಿಕೆ ಹಾಕಿಕೊಳ್ಳಲಿ. ಉಪ್ಸಾರಿಗೂ ಹಾಗೇ. ಕಟ್ಟಿಗೆ ಉಪ್ಪು ಕಡಿಮೆ, ಖಾರದಲ್ಲಿ ಮೆಣಸು, ಜೀರಿಗೆ, ಹುಣಸೆ ಮುಂದಿರಲಿ.

ಕುವೆಂಪುನಗರ ಬಾಡಿಗೆ ಮನೆ, ಮೈಸೂರು

ನಡುವೆ ಒಂದು ಪ್ರಶ್ನೆ. ರಾಜಮುಡಿ ಅಕ್ಕಿ ಸಕ್ಕರೆ ಇರುವವರಿಗೆ ಆಗುತ್ತದಾ? ಊರಲ್ಲಿ ಒಂದು ಮೂಟೆ ಕೊಡ್ತೀವಿ ಅಂದಿದ್ದಾರೆ.

ಅಕ್ಕಡಿಸಾಲು, ನಾಗಮಂಗಲ

ಪಾಲಿಶ್ ಮಾಡಿಸದೆ ಕೆಂಪು ತೌಡು ಉಳಿಸಿಕೊಂಡರೆ ಬಿಳಿ ಅಕ್ಕಿಗಿಂತ ವಾಸಿ. ಅಳತೆ ಮಾತ್ರ ಅಷ್ಟೇ ಇರಲಿ. ಆದರೆ ತೌಡಿನಲ್ಲಿ ಎಣ್ಣೆ ಅಂಶ ಇದೆ, ಅಂಥ ಅಕ್ಕಿ ಬಹಳ ದಿನ ಇಟ್ಟರೆ ಕಮಟು ಬರುತ್ತದೆ. ಭತ್ತವಾಗಿಯೇ ಇಟ್ಟು, ತಿಂಗಳಿಗೆ ಬೇಕಾದಷ್ಟು ಮಿಲ್ಲು ಮಾಡಿಸಿ ಕಳಿಸಿ ಅಂತ ಊರಲ್ಲಿ ಕೇಳಿಕೊಳ್ಳಿ.

ಹಳೇಮನೆ, ಪಾಂಡವಪುರ

ನಮ್ಮ ಹಳೇ ಹಟ್ಟಿಯಲ್ಲಿ ತಾತನ ಕಾಲದ ಹಗೇವು ಇನ್ನೂ ಇದೆ. ಮೇಲೆ ಚಪ್ಪಡಿ ಕಲ್ಲು ಮುಚ್ಚಿದೆ. ಈ ಮಾತೆಲ್ಲ ಓದಿ ಆಸೆ ಆಯಿತು. ಈ ಸಲ ರಾಗಿ ಅದರಲ್ಲೇ ತುಂಬಿದರೆ ಹೇಗೆ? ಮಗನನ್ನು ಇಳಿಸಿ ಗುಡಿಸಬೇಕು ಅಂತಿದ್ದೇನೆ.

ನಿವೃತ್ತ ಕೃಷಿ ಸಹಾಯಕ, ಮಂಡ್ಯ

ಯಜಮಾನರೇ, ದಯವಿಟ್ಟು ಮಗನನ್ನು ಇಳಿಸಬೇಡಿ. ಬಹಳ ಕಾಲ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಉಸಿರು ಕಟ್ಟಿ ಒಳಗೇ ಬೀಳುತ್ತಾರೆ. ಎತ್ತಲು ಹೋದವರೂ ಬೀಳುತ್ತಾರೆ. ಅದಕ್ಕೇ ಹಿಂದೆ ಬಾಯಿ ತೆರೆದು ಬಿಟ್ಟು, ದೀಪ ಇಳಿಬಿಟ್ಟು ನೋಡದೆ ಯಾರೂ ಇಳಿಯುತ್ತಿರಲಿಲ್ಲ. ದೀಪ ಆರಲಿಲ್ಲ ಅಂತ ಧೈರ್ಯ ಮಾಡುವುದೂ ಈಗ ಬೇಡ.

ಅಲ್ಲದೆ ನಿಮ್ಮದು ನಾಲೆ ಬಯಲು. ಸುತ್ತ ಗದ್ದೆಗೆ ನೀರು ನಿಂತರೆ ಗುಂಡಿಯ ಗೋಡೆ ಜಿನುಗುತ್ತದೆ. ಹಗೇವು ಒಣ ಮೇಡಿನ ಗಟ್ಟಿ ಮಣ್ಣಿಗೆ ಹೇಳಿದ್ದು. ಮೇಲಿನಿಂದಲೇ ಮಣ್ಣು ತುಂಬಿಸಿ ಮುಚ್ಚಿಸಿ, ಮಕ್ಕಳು ಮರಿ ಓಡಾಡುವ ಜಾಗ. ನಾಲ್ಕು ಕ್ವಿಂಟಲ್ ರಾಗಿಗೆ ಎರಡು ಮೂರು ತಗಡಿನ ಡ್ರಮ್ಮು ಸಾಕು. ಕೆಳಗೆ ಇಟ್ಟಿಗೆ ಕೊಟ್ಟು, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ. ಹುರುಳಿ ಬಿತ್ತೋಕೆ ಹೊಲದಲ್ಲಿ ಇನ್ನೂ ಹದ ಇದ್ದರೆ ಒಂದು ಮೂಲೆಗೆ ಎರಚಿ. ಬೀಜ ಬೇಕಾದರೆ ನನ್ನ ಹತ್ತಿರ ಇದೆ, ಮಂಡ್ಯಕ್ಕೆ ಬಂದಾಗ ತಗೊಂಡು ಹೋಗಿ.